ಮೆದುಳಿನಲ್ಲಿ ಬದು ಕಟ್ಟುವವರು ಯಾರು?



ಗದ್ದೆಗಳ ನಡುವಿನ ಬದುಗಳನ್ನು ನೀವೆಲ್ಲ ನೋಡಿದ್ದೀರಿ. ಬದು ಒಡೆದರೆ ಒಂದು ಗದ್ದೆಯ ನೀರು ಇನ್ನೊಂದಕ್ಕೆ ನುಗ್ಗುತ್ತದೆ. ಭ್ರೂಣದ ಮೆದುಳಿನಲ್ಲೂ ಇಂಥ ಬದುಗಳಿವೆ. ಆದರೆ ಅಲ್ಲಿ ರೈತನಿಲ್ಲ. ಹಾಗಾದರೆ ಕಟ್ಟುವವರು ಯಾರು?

ಮೊಟ್ಟೆಗೆ ಕಾವು ಕೊಟ್ಟ ಎರಡು ಮೂರು ದಿನಗಳಲ್ಲಿ ಕೋಳಿಯ ಭ್ರೂಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದರ ಹಿಮ್ಮೆದುಳಿನಲ್ಲಿ ಸಾಲಾಗಿ ಏಳೆಂಟು ಉಬ್ಬುಗಳು ಕಾಣುತ್ತವೆ. ಇವೇ ರೋಂಬೋಮಿಯರ್‌ಗಳು. ಇಂಥ ಉಬ್ಬುಗಳನ್ನು ಫಾನ್ ಬೇರ್ ಎಂಬ ವಿಜ್ಞಾನಿ 1828ರಲ್ಲೇ ಗುರುತಿಸಿದ್ದರು. ಮನುಷ್ಯನ ಭ್ರೂಣದಲ್ಲೂ ಇವು ಮೂಡಿ, ಆಮೇಲೆ ಮರೆಯಾಗುತ್ತವೆ. ಆದರೆ ಇವುಗಳ ಕೆಲಸ ಉಳಿಯುತ್ತದೆ. ಕೋಳಿಯಲ್ಲಿ ಎರಡು ಮತ್ತು ಮೂರನೆಯ ಖಂಡಗಳಿಂದ ದವಡೆಯನ್ನು ಆಡಿಸುವ ನರಕೋಶಗಳೂ, ನಾಲ್ಕು ಮತ್ತು ಐದನೆಯವುಗಳಿಂದ ಮುಖನರದ ಕೋಶಗಳೂ ಹುಟ್ಟುತ್ತವೆ. ಕೋಶಗಳು ಅತ್ತಿತ್ತ ಬೆರೆತುಹೋದರೆ ಈ ಅಚ್ಚುಕಟ್ಟು ಕೆಡುತ್ತದೆ.

1990ರಲ್ಲಿ ಫ್ರೇಸರ್, ಕೀನ್ಸ್ ಮತ್ತು ಲಮ್ಸ್‌ಡನ್ ಕೋಳಿಭ್ರೂಣದ ಒಂದೊಂದೇ ಕೋಶಕ್ಕೆ ಬಣ್ಣ ತುಂಬಿ, ಅದರ ಸಂತತಿ ಎಲ್ಲಿಗೆ ಹರಡುತ್ತದೆಂದು ನೋಡಿದರು. ಗಡಿ ಮೂಡುವ ಮೊದಲು ಬಣ್ಣ ತುಂಬಿದಾಗ ಸಂತತಿ ಪಕ್ಕದ ಖಂಡಕ್ಕೂ ಹರಡಬಲ್ಲದಾಗಿತ್ತು. ಗಡಿ ಮೂಡಿದ ಮೇಲೆ ಬಹುಪಾಲು ತನ್ನ ಖಂಡದೊಳಗೇ ಉಳಿಯಿತು.

ತಡೆದದ್ದು ಯಾವುದು? ಮೂರು ಮತ್ತು ಐದನೆಯ ಖಂಡಗಳಲ್ಲಿ ಕ್ರಾಕ್ಸ್-20 ಎಂಬ ಜೀನು ಚುರುಕಾಗಿ, ಕೋಶಗಳ ಮೈಮೇಲೆ ಎಫ್ ಎಂಬ ಗ್ರಾಹಕ ಪ್ರೋಟೀನು ಮೂಡುವಂತೆ ಮಾಡುತ್ತದೆ. ಎರಡು, ನಾಲ್ಕು, ಆರನೆಯ ಖಂಡಗಳ ಕೋಶಗಳ ಮೇಲೆ ಅದಕ್ಕೆ ಜೋಡಿಯಾದ ಎಫ್ರಿನ್ ಇರುತ್ತದೆ. ಹಾರ್ಮೋನಿನಂತೆ ಇವು ದೂರಕ್ಕೆ ಹರಿದುಹೋಗುವುದಿಲ್ಲ. ಕೋಶಕ್ಕೆ ಕೋಶ ತಾಗಿದಾಗಲೇ ಸಂಕೇತ. ತಾಗಿದೊಡನೆ ಕೋಶ, ಮುಟ್ಟಿದರೆ ಮುನಿ ಗಿಡದ ಎಲೆಯಂತೆ, ತನ್ನ ಚಾಚನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ.

1999ರಲ್ಲಿ ವಿಲ್ಕಿನ್ಸನ್ ಅವರ ತಂಡ ಜೀಬ್ರಾಮೀನಿನ ಕೋಶಗಳಲ್ಲಿ ಇದನ್ನು ಪರೀಕ್ಷಿಸಿತು. ಸಂಕೇತ ಎರಡೂ ಕಡೆಗೆ ಹೋದಾಗ ಕೋಶಗಳು ಬೆರೆಯಲಿಲ್ಲ. ಒಂದೇ ಕಡೆಗೆ ಹೋದರೆ ಬೆರೆಯುವುದು ನಿಲ್ಲಲಿಲ್ಲ. ಅಂದರೆ ಈ ಬದುವನ್ನು ಎರಡೂ ಕಡೆಯವರು ಸೇರಿ ಕಟ್ಟಬೇಕು! ನಮ್ಮ ಸ್ನಾಯುಗಳಲ್ಲಿರುವ ಬಗೆಯ ಆಕ್ಟಿನ್, ಮಯೋಸಿನ್‌ಗಳು ಗಡಿಯುದ್ದಕ್ಕೂ ಹಗ್ಗದಂತೆ ಬಿಗಿದು ನೆರವಾಗುತ್ತವೆಂದು 2014ರಲ್ಲಿ ಅದೇ ಮೀನಿನಲ್ಲಿ ಕಂಡುಬಂತು.

ಇದು ಪ್ರಯೋಗಾಲಯಕ್ಕೆ ಮಾತ್ರ ಸೇರಿದ ಸಂಗತಿಯೇ? ಅಲ್ಲ. ಯಾವ ಖಂಡ ಯಾವುದಾಗಬೇಕೆಂದು ಮೊದಲು ಸೂಚಿಸುವ ಸಂಕೇತಗಳಲ್ಲಿ ಮುಖ್ಯವಾದದ್ದು, ಎ ಜೀವಸತ್ವದಿಂದ ಹುಟ್ಟುವ ರೆಟಿನಾಯಿಕ್ ಆಮ್ಲ. ಅದು ಅತಿಯಾದರೆ ಸೂಚನೆಯೇ ತಪ್ಪುತ್ತದೆ. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಅದೇ ಗುಂಪಿನ ಮದ್ದು. ಗರ್ಭಿಣಿ ಅದನ್ನು ಸೇವಿಸಿದರೆ ಮಗುವಿನ ಕಿವಿ, ಮುಖ, ಮೆದುಳು, ಹೃದಯಗಳಲ್ಲಿ ಗಂಭೀರ ದೋಷ ಉಂಟಾಗಬಹುದು. ಆದ್ದರಿಂದ ವೈದ್ಯರನ್ನು ಕೇಳದೆ ಇಂಥ ಮಾತ್ರೆಯನ್ನು ನೀವು ನುಂಗಬೇಡಿ, ಗೆಳೆಯರಿಗೂ ಕೊಡಬೇಡಿ.

ಇನ್ನು ನೀವು ನಕ್ಕಾಗ, ತುತ್ತು ಅಗಿಯುವಾಗ ನೆನೆಯಿರಿ: ಆ ನರಗಳ ಹಿಂದೆ, ನೆರೆಯ ಕೋಶವನ್ನು ಮುಟ್ಟಿ ತನ್ನ ಎಲ್ಲೆ ಅರಿತ ಒಂದು ಪುಟ್ಟ ಕೋಶವಿತ್ತು.