ಪಣಕ್ಕೆ ಹಣ ಹೂಡಿದವರು ಯಾರು?

ಸೋಮನಾಥ ದೇವರ ಈ ಊರಿನಲ್ಲಿ ಲಾಸ್ ವೇಗಸ್ಸಿನ ಜೂಜುಬೀದಿಯ ಬಗ್ಗೆ ಮಾತಾಡುತ್ತೇನೆಂದಾಗ ಸಂಘಟಕರು ಒಮ್ಮೆ ನನ್ನ ಮುಖ ನೋಡಿದರು. ಹೆದರಬೇಡಿ, ಆ ಬೀದಿಯ ಚರಿತ್ರೆ ಎರಡು ಮಾತಿನದು. 1931ರಲ್ಲಿ ನೆವಾಡಾ ರಾಜ್ಯ ಜೂಜಿಗೆ ಪರವಾನಗಿ ಕೊಟ್ಟಿತು. 1941ರಲ್ಲಿ ಹೆದ್ದಾರಿ ಬದಿಯಲ್ಲಿ ಎಲ್ ರಾಂಚೊ ವೇಗಸ್ ಎಂಬ ಮೊದಲ ಕ್ಯಾಸಿನೊ ಹೋಟೆಲ್ ಎದ್ದಿತು. ಆಮೇಲೆ ಆರೇಳು ಕಿಲೋಮೀಟರ್ ಉದ್ದಕ್ಕೂ ದೀಪ, ಕಾರಂಜಿ, ಕುಣಿತ.

ನನಗೆ ಬೇಕಾದದ್ದು ಒಳಗೆ ತಿರುಗುವ ರೂಲೆಟ್ ಚಕ್ರ. ಅಮೆರಿಕದ ಚಕ್ರದಲ್ಲಿ 1ರಿಂದ 36ರವರೆಗೆ ಅಂಕಿಗಳು, ಜೊತೆಗೆ ಒಂದು ಸೊನ್ನೆ, ಒಂದು ಜೋಡಿಸೊನ್ನೆ. ಒಟ್ಟು 38 ಮನೆ. ಒಂದೊಂದಕ್ಕೂ ಒಂದೊಂದು ರೂಪಾಯಿ ಇಟ್ಟಿರೆಂದುಕೊಳ್ಳಿ. ಚೆಂಡು ಎಲ್ಲೇ ಬೀಳಲಿ, ನಿಮ್ಮ ಕೈಗೆ ವಾಪಸು ಬರುವುದು 36. ಮೋಸವೇನಿಲ್ಲ, ಬರೀ ಲೆಕ್ಕ. ಉಳಿದ ಎರಡು ರೂಪಾಯಿಯಲ್ಲಿ ಅಷ್ಟೂ ದೀಪ ಉರಿಯುತ್ತವೆ.

ಈಗ ನಮ್ಮ ತಕರಾರಿಗೆ ಬರೋಣ. ಕೋರಿಕಟ್ಟ, ಅಂದರೆ ಕೋಳಿ ಅಂಕ, ಜೂಜೇ ಅಲ್ಲ, ಅದು ದೈವದ ಕಟ್ಟುಕಟ್ಟಳೆ ಎಂದು ವಾದಿಸುವವರು ಈ ಸಭೆಯಲ್ಲೇ ಇದ್ದೀರಿ. ಎದುರು ಎರಡು ಹುಂಜ, ಇಬ್ಬರು ಯಜಮಾನರು, ಹುಂಜದ ಕಾಲಿಗೆ ಬಾಳುಕತ್ತಿ. ಸೋತ ಹುಂಜ ಗೆದ್ದವನ ಮನೆಯ ಸಾರಿಗೆ. ನಡುವೆ ಕೂತು ಎರಡು ರೂಪಾಯಿ ಹಿಡಿದುಕೊಳ್ಳುವ ಮೂರನೆಯವನಿಲ್ಲ. ಈ ವಾದದಲ್ಲಿ ಹುರುಳಿದೆ ಎಂದೇ ನಾನು ಬಹಳ ಕಾಲದಿಂದ ಹೇಳುತ್ತ ಬಂದಿದ್ದೇನೆ.

ಮೂರನೆಯವನ ಈ ಲೆಕ್ಕವನ್ನು ನನಗೆ ಹೊಳೆಯಿಸಿದ್ದು ನಮ್ಮ ಕನ್ನಡ ಪಂಡಿತರು. ಜಾತ್ರೆಯ ಮರುದಿನ ಅರ್ಧ ತರಗತಿ ಖಾಲಿ. ಪಂಡಿತರಿಗೆ ಗೊತ್ತು, ಹುಡುಗರೆಲ್ಲ ಕಟ್ಟದ ಗದ್ದೆಯಲ್ಲಿ. ಹಾಜರಿ ಪುಸ್ತಕ ಬದಿಗಿಟ್ಟು, ಉಳಿದವರಿಗೆ ಅಂದೇ ಜನ್ನನ ಯಶೋಧರ ಚರಿತೆ ತೆಗೆಯುತ್ತಿದ್ದರು. 1209ರ ಕಾವ್ಯ. ಹಿಟ್ಟಿನ ಕೋಳಿಯನ್ನು ಕಡಿದದ್ದಕ್ಕೂ ಜನ್ಮಜನ್ಮಾಂತರ ಪಾಪ ಉಂಡ ಕತೆ! ಪಾಠ ಮುಗಿಸಿ, ಮೂಗಿಗೆ ನಸ್ಯ ಏರಿಸಿ, "ಬೊಳ್ಳೆ ಹುಂಜ ಗೆದ್ದಿತೋ ಕುಪ್ಪುಳೆಯೋ?" ಎಂದು ಮೆಲ್ಲಗೆ ವಿಚಾರಿಸುತ್ತಿದ್ದವರೂ ಅವರೇ. ಅವರ ಮೇಜಿನ ಖಾನೆಯಲ್ಲಿ ಹುಂಜಗಳ ಸೋಲುಗೆಲುವು ಹೇಳುವ ಕುಕ್ಕುಟ ಪಂಚಾಂಗ ಇತ್ತೆಂದು ಪುಕಾರು, ಕಂಡವರಿಲ್ಲ.

ಅವರೇ ಒಮ್ಮೆ ಭಾರತದ ಸಭಾಪರ್ವ ಓದಿಸುವಾಗ ಒಂದು ಕಡೆ ನಿಂತರು. ಪಣದ ಹಣ ಕೊಡುವವನು ದುರ್ಯೋಧನ, ದಾಳ ಉರುಳಿಸುವವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸರಿಯಲ್ಲವೆಂದು ಧರ್ಮರಾಯ ಆಕ್ಷೇಪಿಸುತ್ತಾನೆ. ಆಕ್ಷೇಪಿಸಿ, ಆಡಲು ಕೂರುತ್ತಾನೆ. ದಾಳದಲ್ಲಿ ಏನಿತ್ತು ಎಂದು ತಾಳಮದ್ದಲೆಯಲ್ಲಿ ರಾತ್ರಿಯಿಡೀ ಚರ್ಚೆಯಾಗುತ್ತದೆ. ಆದರೆ ಧರ್ಮರಾಯನ ಈ ಆಕ್ಷೇಪವನ್ನು ಹಿಡಿದು ಬೆಳೆಸಿದ ಅರ್ಥವನ್ನು ನಾನಂತೂ ಕೇಳಿಲ್ಲ. ಆಡದವನು ಹಣ ಹೂಡಿದ್ದರಿಂದ, ನನ್ನ ಮಟ್ಟಿಗೆ ಕ್ಯಾಸಿನೊ ಶುರುವಾದದ್ದು ಹಸ್ತಿನಾವತಿಯಲ್ಲಿ. ಅಲ್ಲೂ ಮಯಸಭೆಗೆ ಸಮನಾದ ಮಂಟಪ ಕಟ್ಟಿಸಿಯೇ ಪಾಂಡವರನ್ನು ಕರೆದದ್ದು, ಮರೆಯಬೇಡಿ.

ಆದರೆ ನನ್ನ ವಾದಕ್ಕೆ ಅಡ್ಡ ಬರುವ ಸಂಗತಿಯೂ ನಮ್ಮ ನೆಲದಲ್ಲೇ ಇದೆ. ಬೆಳ್ತಂಗಡಿ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ತಂಡ 1990ರಲ್ಲಿ ಧ್ವನಿಮುದ್ರಿಸಿತು, 15,683 ಸಾಲು. ಅದರಲ್ಲಿ ಅಬ್ಬಗ–ದಾರಗ ಎಂಬ ಅಕ್ಕತಂಗಿಯರು ಚೆನ್ನೆಮಣೆಯ ಆಟ ಆಡುತ್ತಾರೆ. ಮೂರನೆಯವರು ಯಾರೂ ನಡುವೆ ಕೂತಿಲ್ಲ. ಆದರೂ ಜಗಳ ಹತ್ತಿ, ಚೆನ್ನೆಮಣೆಯಿಂದಲೇ ಏಟು ಬಿದ್ದು, ಅಕ್ಕತಂಗಿಯರಿಬ್ಬರೂ ಉಳಿಯಲಿಲ್ಲ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂದು ನಮ್ಮ ಅಜ್ಜಿಯಂದಿರು ಗದರಿಸುತ್ತಿದ್ದದ್ದು ಅದಕ್ಕೇ.

ಇನ್ನೊಂದು. ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಿಗೆ 2020ರ ಫೆಬ್ರವರಿ 1ರಿಂದ ಗೋವಾದವರಿಗೇ ಪ್ರವೇಶ ನಿಷೇಧ. ಮೊನಾಕೊದಲ್ಲೂ ಅಲ್ಲಿಯ ಪ್ರಜೆಗಳು ಕ್ಯಾಸಿನೊದಲ್ಲಿ ಆಡುವಂತಿಲ್ಲ. ತಮ್ಮ ಮಕ್ಕಳಿಗೆ ಬೇಡವಾದದ್ದು ನೆರೆಮನೆಯ ಮಕ್ಕಳಿಗೆ ಆಗಬಹುದು! ಆ ಹಡಗು ಹತ್ತಲು ಕಾರು ಬಾಡಿಗೆ ಮಾಡಿ ಹೋಗುವವರಲ್ಲಿ ನಮ್ಮ ಕಡೆಯ ಹುಡುಗರಿಲ್ಲವೇ?

ಇಷ್ಟಾದ ಮೇಲೆ ನಿಮ್ಮನ್ನೇ ಕೇಳುತ್ತೇನೆ. ಕಟ್ಟದ ಸುತ್ತ ನಿಂತು ಹುಂಜ ಸಾಕದೆಯೇ ಸಾವಿರಗಟ್ಟಲೆ ಪಂಥ ಕಟ್ಟುವವನನ್ನು ಯಜಮಾನ ಎನ್ನಬೇಕೋ, ದುರ್ಯೋಧನ ಎನ್ನಬೇಕೋ? ಅದೇ ಗದ್ದೆಯ ಬದಿಯಲ್ಲಿ ಟಾರ್ಪಾಲು ಹಾಸಿ ಉಲಾಯಿ–ಪಿದಾಯಿ ಎಂಬ ಇಸ್ಪೀಟಿನ ಜೂಜು ಆಡಿಸುವವನನ್ನು ಎಬ್ಬಿಸಿದರೆ ಕಟ್ಟ ಶುದ್ಧವಾದೀತೇ? ಹುಂಜದ ಕಾಲಿನ ಬಾಳು ಬಿಚ್ಚಿ ಎಂದರೆ ನೀವು ಒಪ್ಪುತ್ತೀರಾ? ನಾಳೆ ಜಾತ್ರೆಗೆ ಹೋದಾಗ ನಾನು ಆ ಗದ್ದೆಯತ್ತ ತಿರುಗದೆ ಇರುತ್ತೇನೆಯೇ?