ಸುಲಿಗೆಯಿಂದ ಬಂದ ‘ಸ್ಪಾಯಿಲ್’



ಪುಣೆಯ ಕನ್ನಡ ಮನೆಗಳಲ್ಲೂ ಹಬ್ಬದ ದಿನ ಮಳೆ ಸುರಿದರೆ ‘ಎಲ್ಲಾ ಸ್ಪಾಯಿಲ್ ಆಯ್ತು’ ಅನ್ನುತ್ತೇವೆ. ನಮ್ಮ ಅಡುಗೆಮನೆಯಲ್ಲಿ ಹಾಲು ಒಡೆಯುತ್ತದೆ, ಅನ್ನ ಹಳಸುತ್ತದೆ, ಹಣ್ಣು ಕೊಳೆಯುತ್ತದೆ, ಉಪ್ಪಿನಕಾಯಿಗೆ ಬೂಷ್ಟು ಹಿಡಿಯುತ್ತದೆ. ಇಂಗ್ಲಿಷಿನ ಈ ಒಂದು ಪದ ಅವಷ್ಟಕ್ಕೂ ಒದಗುತ್ತದೆ, ಅತಿ ಮುದ್ದಿನಿಂದ ಕೆಟ್ಟ ಮಗುವಿಗೂ ಒದಗುತ್ತದೆ. ಆದರೆ ಅದರ ತವರು ಅಡುಗೆಮನೆಯಲ್ಲ.

ಲ್ಯಾಟಿನ್ನಿನಲ್ಲಿ ‘ಸ್ಪೋಲಿಯಮ್’ ಎಂದರೆ ಪ್ರಾಣಿಯ ಮೈಯಿಂದ ಸುಲಿದ ತೊಗಲು. ಸೋತ ಶತ್ರುವಿನ ಮೈಮೇಲಿಂದ ಕಳಚಿಕೊಂಡ ಕವಚ, ಆಯುಧಗಳಿಗೂ ರೋಮನ್ನರು ಅದೇ ಹೆಸರಿಟ್ಟರು. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗಲೂ ಪದದ ಅರ್ಥ ಕೊಳ್ಳೆ ಹೊಡೆಯುವುದೇ. ಕೆಲಸಕ್ಕೆ ಬಾರದಂತೆ ಕೆಡಿಸುವುದು ಎಂಬ ಅರ್ಥ ಸೇರಿದ್ದು 16ನೇ ಶತಮಾನದಲ್ಲಿ. ಮಗುವನ್ನು ಮುದ್ದಿನಿಂದ ಕೆಡಿಸುವುದು, ಪದಾರ್ಥ ತಾನಾಗಿಯೇ ಕೆಡುವುದು ಎಂಬವು 17ನೇ ಶತಮಾನದವು. ಹೀಗೆ ಕಿತ್ತುಕೊಂಡವನು ಆ ಪದದಿಂದ ಮೆಲ್ಲಗೆ ಜಾರಿಕೊಂಡ.

ನಮ್ಮ ‘ಸುಲಿಗೆ’ಯನ್ನು ನೋಡಿ. ಬಾಳೆಹಣ್ಣು ಸುಲಿಯುತ್ತೇವೆ, ತೊಗಲು ಸುಲಿಯುತ್ತಾರೆ, ಬಡ್ಡಿಯ ನೆಪದಲ್ಲಿ ಬಡವರನ್ನೂ ಸುಲಿಯುತ್ತಾರೆ. ನಂಟೇ ಇಲ್ಲದ ಎರಡು ನುಡಿಗಳು ತೊಗಲಿನಿಂದ ಹೊರಟು ಕೊಳ್ಳೆಗೆ ಬಂದು ಮುಟ್ಟಿವೆ. ಆದರೆ ನಮ್ಮ ಪದ ಇವತ್ತಿಗೂ ಸುಲಿದವನನ್ನು ಬಿಟ್ಟುಕೊಟ್ಟಿಲ್ಲ. ಸುಲಿದವನನ್ನು ಮರೆಯದಿರುವುದು ನನಗೆ ಬಹಳ ದೊಡ್ಡ ವಿಷಯ, ಏಕೆಂದರೆ ಅಂಥ ಸುಲಿಗೆಯ ಕಥೆಯೊಂದು ಈ ಊರಿನಲ್ಲೇ ಇದೆ.

ನಾವು ಕೂತಿರುವ ಪುಣೆಯ ಈ ಕ್ಯಾಂಪ್, ಅಂದರೆ ದಂಡುಪ್ರದೇಶವೇ, ಪೇಶ್ವೆಯ ಸೇನೆಗೂ ಇಂಗ್ಲಿಷರಿಗೂ 1817ರ ನವೆಂಬರ್ 5ರಂದು ನಡೆದ ಖಡ್ಕಿ ಯುದ್ಧದ ಬೆನ್ನಿಗೆ ಹುಟ್ಟಿದ್ದು. ನಮ್ಮ ನಾಡಿನ ‘ಲೂಟ್’ ಎಂಬ ಮಾತನ್ನು ಇಂಗ್ಲಿಷರು ತಮ್ಮದಾಗಿಸಿಕೊಂಡ ಕಾಲವದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಖಜಾನೆಯನ್ನು ದರ್ಜೆಗೆ ತಕ್ಕಂತೆ ಪಾಲು ಹಾಕಿಕೊಂಡಿದ್ದರು. ಖಡ್ಕಿಯೂ ಸೇರಿದ ದಖ್ಖನ್ನಿನ ಯುದ್ಧದ ಕೊಳ್ಳೆಗೂ ಅದೇ ಪದ್ಧತಿ. ಪಾಲಿನ ಜಗಳ ವರ್ಷಗಟ್ಟಲೆ ಎಳೆಯಿತು.

ಆ ಕೊಳ್ಳೆಯಲ್ಲಿ ನಾರೋಬಾ ಔಟಿಯವರ ಮನೆಯ ಹಣವೂ ಸೇರಿತ್ತು. ಅವರು ಪೇಶ್ವೆಯ ಕಡೆಯಿಂದ ರಾಯಗಡದ ಕಿಲ್ಲೇದಾರರಾಗಿದ್ದವರು. 1818ರಲ್ಲಿ ಕೋಟೆ ಶರಣಾದ ಮೇಲೆ, ಪುಣೆಯ ಆಡಳಿತ ನೋಡುತ್ತಿದ್ದ ಕ್ಯಾಪ್ಟನ್ ರಾಬರ್ಟ್‌ಸನ್, ಇದು ಪೇಶ್ವೆಯ ಹಣವೆಂದು ಹೇಳಿ ಅದನ್ನು ವಶಪಡಿಸಿಕೊಂಡ. ನಾರೋಬಾ ತೀರಿಕೊಂಡ ಮೇಲೆ ಅವರ ಆಸ್ತಿಯ ಹೊಣೆ ಹೊತ್ತವರು, ಹಣ ವಶವಾದಾಗ ದಖ್ಖನ್ನಿನ ಕಮಿಷನರ್ ಆಗಿದ್ದ ಎಲ್ಫಿನ್‌ಸ್ಟನ್ನನ ಮೇಲೆಯೇ ದಾವೆ ಹೂಡಿದರು. ಮುಂಬಯಿಯ ಸುಪ್ರೀಂ ಕೋರ್ಟು ಅವರ ಪರವಾಗಿ ನಿಂತಿತು. ಆದರೆ 1830ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ತೀರ್ಪನ್ನು ತಳ್ಳಿಹಾಕಿತು: ಇದು ಯುದ್ಧದ ವಶಪಡಿಕೆ, ಸಾಮಾನ್ಯ ನ್ಯಾಯಾಲಯಕ್ಕೆ ಇದನ್ನು ವಿಚಾರಿಸುವ ಅಧಿಕಾರವಿಲ್ಲ ಎಂದಿತು.

ನಾನು ಈ ವಾದವನ್ನು ಒಪ್ಪಲಾರೆ. ಪುಣೆ ಇಂಗ್ಲಿಷರ ಕೈಸೇರಿ ಆಗಲೇ ತಿಂಗಳುಗಳು ಕಳೆದಿದ್ದವು. ಹಣ ತೆಗೆದದ್ದು ರಣರಂಗದಿಂದಲ್ಲ, ಇದೇ ಊರಿನ ಒಬ್ಬರ ಮನೆಯಿಂದ.