ಹೂವಿಗೆ ಬೇಕು, ಮೂಗಿಗೆ ಬೇಡ

ಹೂವಿಗೆ ಬೇಕು, ಮೂಗಿಗೆ ಬೇಡ. ಎರಡಕ್ಷರ.

ಈ ವಾರ ನನ್ನ ತಲೆ ತಿಂದದ್ದು ಇದೇ. ಹಬ್ಬಕ್ಕೆ ಬಂದಿದ್ದ ಅಕ್ಕನ ಮಗಳು ಬೆಂಗಳೂರಿಗೆ ಹೊರಡುವಾಗ ಚೌಕುಳಿ ಹಾಳೆಯೊಂದನ್ನು ಮಡಚಿ ನನ್ನ ಜೇಬಿಗೆ ತುರುಕಿ ಹೋದಳು. ಅವಳಿಗೆ ಇಂಗ್ಲಿಷ್ ಪತ್ರಿಕೆಗಳ ಕ್ರಿಪ್ಟಿಕ್ ಪದಬಂಧದ ಹುಚ್ಚು. ಅಲ್ಲಿ ಸುಳಿವು ಹೇಳುವುದೊಂದು, ಕೇಳುವುದು ಇನ್ನೊಂದು. ಊಟಕ್ಕೆ ಕೂತಾಗ ನಾನು, ‘ಆ ಮೋಸದಾಟ ಇಂಗ್ಲಿಷಿಗೇ ಸರಿ ಕಣೇ, ಕನ್ನಡದಲ್ಲಿ ನಡೆಯಲ್ಲ’ ಅಂದುಬಿಟ್ಟಿದ್ದೆ. ಹಾಳೆ ಅದಕ್ಕೆ ಉತ್ತರ.

ನಾನೇನೂ ಹೊಸಬನಲ್ಲ. ಬೆಳಗಿನ ಕಾಫಿಯ ಜೊತೆ ಪದಬಂಧ ತುಂಬಿಸಿಯೇ ತಲೆ ನರೆಸಿಕೊಂಡವನು. ಕೋಲಾರ ಜಿಲ್ಲೆಯ ಅ.ನಾ. ಪ್ರಹ್ಲಾದರಾವ್ ಒಬ್ಬರೇ ಕನ್ನಡದಲ್ಲಿ 30,000ಕ್ಕೂ ಹೆಚ್ಚು ಪದಬಂಧ ಹೆಣೆದಿದ್ದಾರೆ. ಅದರಲ್ಲಿ ನನ್ನ ಪಾಲಿಗೆ ಬಂದದ್ದನ್ನು ನಾನೂ ಬಿಟ್ಟವನಲ್ಲ. ಅದೂ ಪೆನ್ನಿನಲ್ಲಿ. ಪೆನ್ಸಿಲು ಹಿಡಿಯುವುದು ಅಪನಂಬಿಕೆಯವರ ಕೆಲಸ ಎಂದು ನನ್ನದೊಂದು ಜಂಬ.

ಮೊದಲು ಸಿಕ್ಕಿದ್ದು, ‘ಕೊಬ್ಬರಿ ಧಾರಣೆ ಕೇಳಬೇಕಾದ ಊರು’, ನಾಲ್ಕಕ್ಷರ. ತಿಪಟೂರು. ಮಾವನ ಮೇಲೆ ಕರುಣೆಯಿಟ್ಟು ಕೊಟ್ಟದ್ದು. ಮೇಲಿನಿಂದ ಕೆಳಕ್ಕೆ ಬರೆದೆ, ಕೊನೆಯ ‘ರು’ ಬಂದು ನಮ್ಮ ಹೂವು-ಮೂಗಿನ ಎರಡನೆಯ ಮನೆಯಲ್ಲಿ ಕೂತಿತು. ಅದಕ್ಕೆ ಮುಂಚೆ ‘ಗೊಬ್ಬರ’ ಅಂತ ಹೊಳೆದಿತ್ತು. ಹೂವಿಗೆ ಬೇಕು, ಮೂಗಿಗೆ ಬೇಡ, ಸರಿಯಾಗೇ ಇದೆ, ಆದರೆ ಅಕ್ಷರ ಮೂರು. ಈಗ ‘ರು’ ಬಂತಲ್ಲ, ಇನ್ನೇನು, ನೀರು! ಗಿಡಕ್ಕೆ ನೀರು ಬೇಕು. ಕೆರೆಗೆ ಬಿದ್ದು ಮೂಗಿಗೆ ನೀರು ಹೋದವನಿಗೆ ಗೊತ್ತು ಅದು ಎಷ್ಟು ಬೇಡ ಅಂತ. ಪೆನ್ನು ಒತ್ತಿ ಬರೆದೆ.

ಅಲ್ಲಿಂದ ಮುಂದಕ್ಕೆ ಗಾಡಿ ಹೋಗಲಿಲ್ಲ. ಆ ‘ನೀ’ಯಿಂದ ಕೆಳಕ್ಕಿಳಿಯುವ ಮೂರಕ್ಷರದ ಸುಳಿವು ಹೀಗಿತ್ತು: ‘ಚಿಕ್ಕನಹಳ್ಳಿಯ ನಡುವೆ ಮುಂದಾಳು ಬಂದು ನಿಂತರೆ ತಾಲ್ಲೂಕು ಕೇಂದ್ರ’. ಚಿಕ್ಕನಹಳ್ಳಿ ಅನ್ನುವ ಊರು ಎಲ್ಲೆಲ್ಲಿದೆ ಎಂದು ಲೆಕ್ಕ ಹಾಕಿದೆ. ಅಲ್ಲಿಗೆ ಯಾವ ಮುಂದಾಳು ಯಾವಾಗ ಬಂದಿದ್ದ ಅಂತ ಯೋಚಿಸಿದೆ. ಪಂಚಾಯ್ತಿ ರಾಜಕೀಯವನ್ನೆಲ್ಲ ಜಾಲಾಡಿದೆ. ‘ನೀ’ ಇಂದ ಶುರುವಾಗುವ ಮುಂದಾಳು ಒಬ್ಬನೂ ಸಿಗಲಿಲ್ಲ.

ಮೂರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಅವಳೇ ಫೋನ್ ಮಾಡಿದಳು. ‘ಎಲ್ಲಿಗೆ ಬಂತು ಮಾವ?’

‘ಚಿಕ್ಕನಹಳ್ಳೀಲೇ ಇದೀನಿ ಕಣೇ, ಮುಂದಕ್ಕೆ ಬಸ್ಸಿಲ್ಲ.’

‘ನೀವು ಕೂತಿರೋ ಊರಿನ ಹೆಸರನ್ನ ಪೂರ್ತಿ ಹೇಳಿ ನೋಡೋಣ’ ಅಂದು ಫೋನ್ ಇಟ್ಟಳು.

ಎದುರಿಗಿದ್ದ ಬಸ್ಸಿನ ಬೋರ್ಡಿನಲ್ಲಿ ಚಿ.ನಾ.ಹಳ್ಳಿ ಎಂದಿತ್ತು. ನಮ್ಮ ಬಾಯಲ್ಲಂತೂ ಯಾವತ್ತೂ ಸಿ.ಎನ್. ಹಳ್ಳಿಯೇ. ಪೂರ್ತಿ ಹೇಳಬೇಕಾದ್ದು ಅರ್ಜಿ ಬರೆಯುವಾಗ ಮಾತ್ರ. ಮೆಲ್ಲಗೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿಕೊಂಡೆ. ಚಿ, ಕ್ಕ... ನಾ, ಯ, ಕ... ನ, ಹ, ಳ್ಳಿ.

ಚಿಕ್ಕನಹಳ್ಳಿಯ ನಡುವೆ ನಾಯಕ! ಹಾಗಲವಾಡಿ ಪಾಳೆಯಗಾರರ ಮನೆತನದ ಚಿಕ್ಕನಾಯಕ, ಊರಿಗೆ ಹೆಸರು ಕೊಟ್ಟವನು, ಇಷ್ಟು ವರ್ಷ ನಡುಮಧ್ಯದಲ್ಲೇ ನಿಂತಿದ್ದಾನೆ. ನಾವು ಅವನನ್ನು ಒಂದು ‘ನಾ’ಕ್ಕೆ, ಆಮೇಲೆ ಒಂದು ‘ಎನ್’ಗೆ ಇಳಿಸಿ ಮರೆತುಬಿಟ್ಟಿದ್ದೆವು.

ನಾಯಕ ಬಂದಮೇಲೆ ‘ನೀ’ ಹೋಗಲೇಬೇಕಲ್ಲ. ಇಂಗ್ಲಿಷಿನಲ್ಲಾಗಿದ್ದರೆ ಎನ್ ಅಕ್ಷರವಾದರೂ ಉಳಿಯುತ್ತಿತ್ತು. ನಮ್ಮಲ್ಲಿ ಗುಣಿತ, ಒತ್ತು, ದೀರ್ಘ ಎಲ್ಲ ಸೇರಿ ಒಂದೇ ಮನೆ. ಗುಡಿಸು ತಪ್ಪಿದರೆ ಮನೆಯೇ ತಪ್ಪು. ಪೆನ್ನಿನಲ್ಲಿ ಬರೆದ ‘ನೀ’ ಮೇಲೆ ‘ನಾ’ ತಿದ್ದಿದೆ. ಮಸಿ ಮೆತ್ತಿದ ಗಲೀಜಿನಿಂದ ಉತ್ತರ ತಾನಾಗಿ ಎದ್ದುಬಂತು. ನಾರು. ಹೂ ಕಟ್ಟಲು ಬೇಕಾದ ನಾರು; ಮೂಗು ಮುಚ್ಚಿಕೊಳ್ಳುವ ಹಾಗೆ ನಾರು.

ಬಸ್ ಸ್ಟ್ಯಾಂಡಿನ ಎದುರು ಹೂವಿನಾಕೆ ಕೂತಿದ್ದಳು. ಈಗ ಎಲ್ಲ ಕಡೆ ದಾರ. ಈಕೆ ಮಾತ್ರ ಇನ್ನೂ ಬಾಳೆನಾರಿನಲ್ಲೇ ಕಟ್ಟುತ್ತಾಳೆ. ಒಣಗಿದ ಪಟ್ಟೆಯನ್ನು ಉಗುರಿನಲ್ಲಿ ಸೀಳಿ, ಪಕ್ಕದ ಡಬ್ಬದ ನೀರಿಗೆ ಅದ್ದಿ, ಎರಡು ಬೆರಳಲ್ಲಿ ಜೀರಿ, ಎರಡು ಕಾಕಡ ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಗಂಟು. ನೀರಿಲ್ಲದಿದ್ದರೆ ನಾರು ಪಟ್ ಅಂತ ಮುರಿಯುತ್ತದೆ. ಹಾಗೆ ನೋಡಿದರೆ ನಾನು ಬರೆದದ್ದು ಪೂರಾ ತಪ್ಪೂ ಅಲ್ಲ ಅಂತ ಸಮಾಧಾನ ಮಾಡಿಕೊಂಡೆ. ತೆಂಗಿನಕಾಯಿಯಲ್ಲೂ ಅಷ್ಟೇ ತಾನೆ, ಹೊರಗೆ ನಾರು, ಒಳಗೆ ನೀರು. ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಈ ಎರಡು ಪದ ಅದಲುಬದಲಾಯಿತಲ್ಲ ಎಂದು ಆಮೇಲೆ ನಾಚಿಕೆಯೂ ಆಯಿತು.

ಆರ್ಥರ್ ವಿನ್ ಎನ್ನುವವರ ಮೊದಲ ಪದಬಂಧ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಅಚ್ಚಾದದ್ದು 1913ರ ಡಿಸೆಂಬರ್ 21ಕ್ಕೆ. ಅದು ಸಾಧುವಾಗಿತ್ತು, ಸುಳಿವಿಗೆ ಕಳ್ಳತನ ಕಲಿಸಿದ್ದು ಆಮೇಲೆ ಇಂಗ್ಲೆಂಡಿನವರು. ಇರಬಹುದು. ಆದರೆ ಒಂದೇ ಪದ ಒಡೆಯದೆ ಎರಡು ಅರ್ಥ ಕೊಟ್ಟರೆ ಅಭಂಗ ಶ್ಲೇಷ, ಒಡೆದರೆ ಸಭಂಗ ಶ್ಲೇಷ ಅಂತ ನಮ್ಮವರು ಎಂದೋ ಹೆಸರಿಟ್ಟಿದ್ದರಲ್ಲ! ನಾರು ಮೊದಲನೆಯದು. ನಾಯಕನ ಸುಳಿವು ಎರಡನೆಯದರ ನೆಂಟ. ಕಾಲೇಜಿನಲ್ಲಿ ಇದನ್ನೆಲ್ಲ ಉರುಹೊಡೆದು ಅಂಕ ತೆಗೆದವನೇ ನಾನು. 1953ರಲ್ಲಿ ಬಂದ ‘ಭಾರತೀಯ ಕಾವ್ಯಮೀಮಾಂಸೆ’ ನಮಗೆ ಆಗ ಪರೀಕ್ಷೆಯ ಪುಸ್ತಕ, ಅಷ್ಟೇ. ಬರೆದವರು ತೀ.ನಂ.ಶ್ರೀ. ಅಂತ ಎಷ್ಟು ಸಲ ಉತ್ತರಪತ್ರಿಕೆಯಲ್ಲಿ ಬರೆದೆನೋ. ಆ ‘ತೀ’ಯ ಒಳಗೆ ನಮ್ಮದೇ ತಾಲ್ಲೂಕಿನ ತೀರ್ಥಪುರ ಇದೆ ಎಂದು ನಾನು ಬಿಡಿಸಿ ನೋಡಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ.

ಹಾಳೆ ಇನ್ನೂ ಮುಗಿದಿಲ್ಲ. ಒಂದು ಉಳಿದಿದೆ. ‘ಒಲೆಯ ಮೇಲಿದ್ದರೂ ಕೆಳಕ್ಕೇ’, ಮೂರಕ್ಷರ. ಕೊನೆಯ ಮನೆಯಲ್ಲಿ ‘ಗೆ’ ಬಂದು ಕೂತಿದೆ. ‘ಹೊಗೆ’ ಅಂದುಕೊಂಡೆ, ಅದು ಎರಡೇ ಅಕ್ಷರ, ಅಲ್ಲದೆ ಹೋಗುವುದು ಮೇಲಕ್ಕೆ. ಈಗ ಕೈಯಲ್ಲಿ ಪೆನ್ಸಿಲು. ನಿನ್ನೆ ರಾತ್ರಿ ಜಗಲಿಯ ಮೇಲೆ ಕೂತು ತಲೆ ಕೆರೆದುಕೊಳ್ಳುತ್ತಿದ್ದೆ. ಒಳಗಿನಿಂದ ನಮ್ಮ ಮನೆಯಾಕೆ ಮೂರನೆಯ ಸಲ ಕೂಗಿದಳು, ‘ಅಡಿಗೆ ಆರಿಹೋಗ್ತಿದೆ, ಏಳ್ತೀರೋ ಇಲ್ವೋ?’

‘ಸ್ವಲ್ಪ ಸುಮ್ನಿರು ಮಾರಾಯ್ತಿ, ಇನ್ನೊಂದೇ ಒಂದು ಪದ’ ಅಂದೆ.